ಅರ್ಧ ಮಾತ್ರೆಯ ಲೆಕ್ಕ

ಡಾಕ್ಟರ ಚೀಟಿಯಲ್ಲಿ ಔಷಧದ ಹೆಸರಿನ ಮುಂದೆ ‘½-0-½’ ಎಂದಿರುತ್ತದೆ. ಬೆಳಿಗ್ಗೆ ಅರ್ಧ, ಮಧ್ಯಾಹ್ನ ಬೇಡ, ರಾತ್ರಿ ಅರ್ಧ. ಬರೆಯುವುದಕ್ಕೆ ಒಂದು ಕ್ಷಣ ಸಾಕು. ಆ ಅರ್ಧ ನಿಜವಾಗಿ ಅರ್ಧವಾಗುವುದು ಮಾತ್ರ ಮನೆಯಲ್ಲಿ: ತರಕಾರಿ ಚಾಕುವಿನಿಂದ, ಬ್ಲೇಡಿನಿಂದ, ಎಲೆಯಡಿಕೆ ತಟ್ಟೆಯ ಅಡಕತ್ತರಿಯಿಂದ, ಏನೂ ಕೈಗೆ ಸಿಗದಿದ್ದರೆ ಹಲ್ಲಿನಿಂದ. ಕಾರ್ಖಾನೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಒತ್ತಿದ ಔಷಧದ ಕೊನೆಯ ಅಳತೆ ಅಡುಗೆಮನೆಯ ಕಟ್ಟೆಯ ಮೇಲೆ ನಡೆಯುತ್ತದೆ. ಹೀಗೆ ಮಾಡುವುದು ಸರಿಯೇ ಎಂದು ಕೇಳಿದರೆ ಕೆಲವರು ‘ಎಷ್ಟೋ ವರ್ಷದಿಂದ ಮಾಡ್ತಿದೀವಿ, ಏನೂ ಆಗಿಲ್ಲ’ ಎನ್ನುತ್ತಾರೆ, ಇನ್ನು ಕೆಲವರು ‘ಮಾತ್ರೆ ಮುರಿಯಲೇಬಾರದು’ ಎನ್ನುತ್ತಾರೆ. ಎರಡೂ ಅಪಾಯಕಾರಿ ಉತ್ತರಗಳೇ. ಮಾತ್ರೆಯ ಒಳಗಿನ ರಚನೆ ಎಂಥದ್ದು, ಅದರ ಔಷಧ ಮೈಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆ, ಸ್ವಲ್ಪ ಹೆಚ್ಚು ಕಡಿಮೆಯಾದರೆ ದೇಹ ತಡೆದುಕೊಳ್ಳುತ್ತದೆಯೇ ಎಂಬುದರ ಮೇಲೆ ಉತ್ತರ ನಿಂತಿದೆ. ಈ ಮೂರರಲ್ಲಿ ಒಂದೂ ಮಾತ್ರೆಯನ್ನು ಅಂಗೈಯಲ್ಲಿಟ್ಟು ನೋಡಿದರೆ ಕಾಣುವಂಥದ್ದಲ್ಲ. ಹಾಗಾಗಿ ಅದು ಚಾಕು ಹಿಡಿದ ಮೇಲೆ ತೀರ್ಮಾನಿಸುವ ವಿಷಯವಲ್ಲ, ಚೀಟಿ ಬರೆಯುವಾಗಲೇ, ತಡವೆಂದರೆ ಮೆಡಿಕಲ್ ಶಾಪಿನ ಕೌಂಟರಿನಲ್ಲಿ, ತೀರ್ಮಾನವಾಗಬೇಕಾದದ್ದು ಎಂಬುದು ನನ್ನ ವಾದ.

ಅರ್ಧ ಮಾತ್ರೆ ಎಂಬುದೇ ಕೆಟ್ಟದ್ದಾಗಿದ್ದರೆ ಸರಕಾರವೇ ಅದನ್ನು ಮಕ್ಕಳಿಗೆ ಕೊಡುತ್ತಿರಲಿಲ್ಲ. ಮಕ್ಕಳಿಗೆ ಭೇದಿಯಾದಾಗ ಓಆರ್‌ಎಸ್ ಜೊತೆಗೆ ಆಶಾ ಕಾರ್ಯಕರ್ತೆಯರು 14 ದಿನದ ಜಿಂಕ್ ಮಾತ್ರೆ ಕೊಡುತ್ತಾರೆ. ಮಾತ್ರೆ 20 ಮಿಲಿಗ್ರಾಮಿನದು. ಆರು ತಿಂಗಳು ದಾಟಿದ ಮಗುವಿಗೆ ಪೂರ್ತಿ, ಎರಡರಿಂದ ಆರು ತಿಂಗಳ ಕೂಸಿಗೆ ಅರ್ಧ, ಅದೂ ಒಂದು ಚಮಚ ತಾಯಿಹಾಲಿನಲ್ಲಿ ಕರಗಿಸಿ. ಜಂತುಹುಳು ನಿವಾರಣಾ ದಿನದಂದು ಅಂಗನವಾಡಿಗಳಲ್ಲಿ ಕೊಡುವ 400 ಮಿಲಿಗ್ರಾಂ ಅಲ್ಬೆಂಡಜೋಲ್ ಕೂಡ ಹಾಗೆಯೇ. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಅರ್ಧ ಮಾತ್ರೆಯನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ಕುಡಿಸುತ್ತಾರೆ. ಮುರಿದಾಗ ಒಂದು ಚೂರು ಹೆಚ್ಚಾದರೂ ಕಡಿಮೆಯಾದರೂ ಈ ಎರಡು ಔಷಧಗಳಿಂದ ಮಗುವಿಗೆ ತೊಂದರೆಯಿಲ್ಲ. ಜಿಂಕ್ ಮಾತ್ರೆಯನ್ನಂತೂ ಚಮಚದಲ್ಲಿ ಕರಗಲೆಂದೇ ಮಾಡಿದ್ದಾರೆ. ಅಂದರೆ ಇಲ್ಲಿ ‘ಅರ್ಧ’ ಮೊದಲೇ ಯೋಚಿಸಿಟ್ಟ ಅಳತೆ. ಔಷಧ ಮಾಡಿದವರು ಯೋಚಿಸದೇ ಇದ್ದ ಅರ್ಧವನ್ನು ನಾವು ಮಾಡಿಕೊಂಡಾಗಲೇ ತೊಡಕು ಶುರುವಾಗುವುದು.

ಮೊದಲು ಕೈಚಳಕದ ಪ್ರಶ್ನೆಯನ್ನು ಮುಗಿಸೋಣ, ಏಕೆಂದರೆ ಹೆಚ್ಚಿನವರ ಚಿಂತೆ ಅಲ್ಲಿಗೇ ನಿಲ್ಲುತ್ತದೆ. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಐವರು ಸ್ವಯಂಸೇವಕರಿಗೆ ಬೇರೆ ಬೇರೆ ಆಕಾರ, ಗಾತ್ರದ ಎಂಟು ಬಗೆಯ ಮಾತ್ರೆಗಳನ್ನು ಕೊಟ್ಟು, ಅಡುಗೆಮನೆಯ ಚಾಕು, ಕತ್ತರಿ ಅಥವಾ ಬರಿಗೈ, ಮಾತ್ರೆ ಕತ್ತರಿಸುವ ಡಬ್ಬಿ ಹೀಗೆ ಮೂರು ಬಗೆಯಲ್ಲಿ ತುಂಡು ಮಾಡಿಸಿದರು. ತುಂಡುಗಳನ್ನು ತೂಗಿದಾಗ ಶೇ. 31ರಷ್ಟು ಇರಬೇಕಾದ ತೂಕಕ್ಕಿಂತ ಶೇ. 15ಕ್ಕೂ ಮಿಕ್ಕಿ ಹೆಚ್ಚೋ ಕಡಿಮೆಯೋ ಆಗಿದ್ದವು. ಶೇ. 14ರಷ್ಟು ತುಂಡುಗಳಲ್ಲಿ ವ್ಯತ್ಯಾಸ ಶೇ. 25ನ್ನೂ ದಾಟಿತ್ತು. ಡಬ್ಬಿಯಿಂದ ಕತ್ತರಿಸಿದ್ದು ಚಾಕು, ಕತ್ತರಿಗಳಿಗಿಂತ ಮೇಲಾಗಿತ್ತು, ಆದರೆ ಅದೂ ನಿಖರವಾಗಿರಲಿಲ್ಲ. ಕೇಳಿದರೆ ಗಾಬರಿಯಾಗುವ ಅಂಕಿ. ಆದರೆ ಇದರ ಜೊತೆಗೆ ಇನ್ನೊಂದು ಸರಳ ಲೆಕ್ಕವನ್ನೂ ಇಡಬೇಕು. ಒಂದು ಮಾತ್ರೆ ಎರಡು ಅಸಮ ತುಂಡುಗಳಾಯಿತು ಎಂದುಕೊಳ್ಳಿ. ಇಂದು ಚಿಕ್ಕ ತುಂಡು ನುಂಗಿದಿರಿ. ಹಾಗಾದರೆ ನಾಳೆಗೆ ಉಳಿದದ್ದು ದೊಡ್ಡ ತುಂಡೇ. ಉದುರಿದ ಪುಡಿಯೊಂದನ್ನು ಬಿಟ್ಟರೆ ಎರಡು ದಿನದ ಒಟ್ಟು ಮೊತ್ತ ಒಂದೇ ಮಾತ್ರೆ. ತಪ್ಪು ಮಾಯವಾಗುವುದಿಲ್ಲ, ಇಂದಿನಿಂದ ನಾಳೆಗೆ ಸರಿದು ಅಲ್ಲಿ ಸರಿಹೋಗುತ್ತದೆ. ಇದು ನಿಜವಾಗುವುದಕ್ಕೆ ಒಂದು ಷರತ್ತಿದೆ: ಒಂದು ಮಾತ್ರೆಯ ಎರಡು ತುಂಡುಗಳನ್ನು ಒಂದಾದ ಮೇಲೊಂದು ನುಂಗಬೇಕು. ಭಾನುವಾರ ಕೂತು ಇಡೀ ಸ್ಟ್ರಿಪ್ ಒಡೆದು ಇಪ್ಪತ್ತು ತುಂಡುಗಳನ್ನು ಡಬ್ಬಿಗೆ ಹಾಕಿಟ್ಟವರು ಸತತ ಮೂರು ದಿನ ಚಿಕ್ಕ ತುಂಡನ್ನೇ ಎತ್ತಿಕೊಂಡಾರು. ‘ಬೇಕಾದಾಗ ಒಂದನ್ನು ಮಾತ್ರ ಮುರಿಯಿರಿ, ಮಿಕ್ಕ ಅರ್ಧ ತೀರಿದ ಮೇಲೆ ಇನ್ನೊಂದಕ್ಕೆ ಕೈ ಹಾಕಿ’ ಎಂದು ಔಷಧ ತಜ್ಞರು ಹೇಳುವುದರ ಹಿಂದೆ ಇರುವುದು ಈ ಲೆಕ್ಕವೇ.

ಇಂದಿನ ಕೊರತೆಯನ್ನು ನಾಳೆ ತುಂಬಿಕೊಡುವ ತನಕ ಕಾಯುವ ತಾಳ್ಮೆ ಎಲ್ಲ ಔಷಧಗಳಿಗೂ ಇರುವುದಿಲ್ಲ. ಬಿಪಿಗೆ ಕೊಡುವ ಅಮ್ಲೋಡಿಪಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಮೂವತ್ತರಿಂದ ಐವತ್ತು ಗಂಟೆ ಹಿಡಿಯುತ್ತದೆ. ಥೈರಾಯ್ಡಿನ ಮಾತ್ರೆಗೆ ಸುಮಾರು ಒಂದು ವಾರವೇ ಬೇಕು. ಹೀಗೆ ಮೈಯಲ್ಲಿ ದಾಸ್ತಾನಿರುವಾಗ ಒಂದು ದಿನದ ಏರುಪೇರು ಅದರಲ್ಲಿ ಕರಗಿಹೋಗುತ್ತದೆ. ಕೊಲೆಸ್ಟರಾಲಿನ ಸ್ಟ್ಯಾಟಿನ್ ಮಾತ್ರೆಗಳದ್ದೂ ಇದೇ ಕತೆ. ಅವುಗಳ ಪರಿಣಾಮವನ್ನು ಅಳೆಯುವುದು ವಾರಗಳ ಲೆಕ್ಕದಲ್ಲಿ, ಗಂಟೆಗಳಲ್ಲಲ್ಲ. ಫಿಟ್ಸ್‌ಗೆ ಕೊಡುವ ಫೆನಿಟೋಯಿನ್, ಹೃದಯಕ್ಕೆ ಕೊಡುವ ಡಿಗಾಕ್ಸಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮತ್ತು ಅಸಿನೊಕೌಮರಾಲ್ ಬೇರೆ ಜಾತಿ. ಇವುಗಳಲ್ಲಿ ಸಾಲದ ಅಳತೆಗೂ ವಿಷವಾಗುವ ಅಳತೆಗೂ ನಡುವಿನ ಜಾಗ ಬಹಳ ಕಿರಿದು. ಫೆನಿಟೋಯಿನ್‌ನಲ್ಲಂತೂ ಡೋಸ್ ಸ್ವಲ್ಪ ಏರಿದರೂ ರಕ್ತದಲ್ಲಿನ ಮಟ್ಟ ಅದರ ಪ್ರಮಾಣ ಮೀರಿ ಜಿಗಿಯುವುದುಂಟು. ‘ಆದರೆ ಹೃದಯದ ಡಾಕ್ಟರೇ ವಾರ್ಫರಿನ್ ಅರ್ಧ ಬರೆಯುತ್ತಾರಲ್ಲ?’ ಎಂದು ಕೇಳಬಹುದು. ಬರೆಯುತ್ತಾರೆ, ನಿಜ. ಆದರೆ ಅವರು ಬರೆಯುವುದು ಮುರಿಯಲೆಂದು ನಡುವೆ ಗೀರಿರುವ ಮಾತ್ರೆಯನ್ನು, ಅದರ ಜೊತೆಗೆ ಆಗಾಗ ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿಸಿ ಡೋಸನ್ನು ತಿದ್ದುತ್ತಾರೆ. ಪರೀಕ್ಷೆಯ ಆ ಕಣ್ಗಾವಲು ಇರುವ ತನಕ ಅರ್ಧ ಮಾತ್ರೆ ನಡೆಯುತ್ತದೆ. ಪರೀಕ್ಷೆ ನಿಲ್ಲಿಸಿ ಅರ್ಧವನ್ನಷ್ಟೇ ಮುಂದುವರಿಸಿದವರಿಗೆ ಅದು ನಡೆಯುವುದಿಲ್ಲ. ಅಸಿನೊಕೌಮರಾಲ್ ನಮ್ಮಲ್ಲಿ 1, 2, 3, 4 ಮಿಲಿಗ್ರಾಂಗಳಲ್ಲಿ ಸಿಗುತ್ತದೆ. ಹೀಗಿರುವಾಗ 4ರ ಮಾತ್ರೆಯನ್ನು ಕಾಲು ಭಾಗ ಮಾಡಿ ನುಂಗುವುದಕ್ಕೆ ನನಗಂತೂ ಸಮರ್ಥನೆ ಕಾಣುವುದಿಲ್ಲ. ಕಾಲು ಮಾಡುವಾಗ ಅರ್ಧದ ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂಡಿಕೊಳ್ಳುತ್ತದೆ. ‘ಹತ್ತು ವರ್ಷದಿಂದ ಏನೂ ಆಗಿಲ್ಲ’ ಎನ್ನುವವರೂ ಒಂದು ಮಾತು ಗಮನಿಸಬೇಕು: ಬಿಪಿ ಏರಿದ್ದು, ಕೊಲೆಸ್ಟರಾಲ್ ಏರಿದ್ದು ಮೈಗೆ ತಿಳಿಯುವುದಿಲ್ಲ. ಏನೂ ಅನ್ನಿಸಲಿಲ್ಲ ಎಂದರೆ ಏನೂ ಆಗಲಿಲ್ಲ ಎಂದಲ್ಲ.

ಇದಕ್ಕಿಂತ ದೊಡ್ಡ ಅಪಾಯ ಚಾಕುವಿನ ನಿಖರತೆಗೆ ಸಂಬಂಧಿಸಿದ್ದೇ ಅಲ್ಲ. ಎಷ್ಟು ಸರಿಯಾಗಿ ನಡುವೆ ಕತ್ತರಿಸಿದರೂ ಕೆಟ್ಟುಹೋಗುವ ಮಾತ್ರೆಗಳಿವೆ. ನಿಮ್ಮ ಮನೆಯ ಸಕ್ಕರೆ ಕಾಯಿಲೆಯ ಸ್ಟ್ರಿಪ್ ತೆಗೆದು ಹಿಂಬದಿ ನೋಡಿ. ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರಿನ ಹತ್ತಿರ, ಕನ್ನಡಕವಿಲ್ಲದೆ ಕಾಣದಷ್ಟು ಸಣ್ಣದಾಗಿ, ‘ಪ್ರೊಲಾಂಗ್ಡ್ ರಿಲೀಸ್ ಟ್ಯಾಬ್ಲೆಟ್ಸ್ ಐಪಿ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದರೆ ಅದು ನಿಧಾನವಾಗಿ ಬಿಚ್ಚಿಕೊಳ್ಳುವ ಮಾತ್ರೆ. ಬ್ರ್ಯಾಂಡ್ ಹೆಸರಿನ ಬಾಲದಲ್ಲಿ ಎಸ್‌ಆರ್, ಎಕ್ಸ್‌ಆರ್, ಎಕ್ಸ್‌ಎಲ್, ಈಆರ್, ಸಿಆರ್, ಎಂಆರ್, ರಿಟಾರ್ಡ್ ಎಂದೆಲ್ಲ ಸೇರಿಕೊಳ್ಳುವುದೂ ಇದನ್ನೇ ಹೇಳಲು. ಹನ್ನೆರಡೋ ಇಪ್ಪತ್ನಾಲ್ಕೋ ಗಂಟೆಗೆ ಬೇಕಾದ ಔಷಧವನ್ನು ಅದರೊಳಗೆ ತುಂಬಿರುತ್ತಾರೆ. ಕೆಲವು ಮಾತ್ರೆ ಹೊಟ್ಟೆಯ ನೀರಿಗೆ ಸಿಕ್ಕಾಗ ಕಾಮಕಸ್ತೂರಿ ಬೀಜದ ಹಾಗೆ ಲೋಳೆಗಟ್ಟಿ, ಆ ಲೋಳೆಯೊಳಗಿಂದ ಔಷಧವನ್ನು ಸ್ವಲ್ಪಸ್ವಲ್ಪವೇ ಬಿಡುತ್ತದೆ. ಇದನ್ನು ಅರ್ಧ ಮಾಡಿದರೆ ಎಲ್ಲವೂ ಒಮ್ಮೆಗೇ ಹೊರಬರುವುದಿಲ್ಲ, ಆದರೆ ಕತ್ತರಿಸಿದ ಹೊಸ ಮುಖದಿಂದ ನೀರು ನುಗ್ಗಿ ವೇಗ ಹೆಚ್ಚುತ್ತದೆ. ಇನ್ನು ಕೆಲವು ಮಾತ್ರೆಗಳಿಗೆ ಹೊರಗೊಂದು ಪೊರೆ ಇದ್ದು, ಆ ಪೊರೆಯೇ ನಲ್ಲಿಯ ಕೆಲಸ ಮಾಡುತ್ತದೆ. ಬಿಪಿಗೆ ಕೊಡುವ ನಿಫೆಡಿಪಿನ್‌ನ ಒಂದು ಬಗೆಯ ಮಾತ್ರೆಯ ಪೊರೆಯಲ್ಲಿ ಲೇಸರ್‌ನಿಂದ ಕೊರೆದ ಒಂದು ಸೂಜಿತೂತಿರುತ್ತದೆ. ಒಳಗೆ ನೀರು ಇಳಿದು ಉಬ್ಬಿದ ಹಾಗೆಲ್ಲ ಆ ತೂತಿನಿಂದ ಔಷಧ ಇಷ್ಟಿಷ್ಟೇ ಹೊರಕ್ಕೆ ತಳ್ಳಲ್ಪಡುತ್ತದೆ. ಕೆಲಸ ಮುಗಿದ ಮೇಲೆ ಖಾಲಿ ಪೊರೆ ಹಾಗೆಯೇ ಮಲದಲ್ಲಿ ಹೋಗುತ್ತದೆ. ಇಂಥದ್ದಕ್ಕೆ ಚಾಕು ಹಾಕಿದರೆ ಉಳಿಯುವುದು ಒಡೆದ ಕೊಡ. ದಿನವಿಡೀ ಬರಬೇಕಾದದ್ದು ಸ್ವಲ್ಪ ಹೊತ್ತಿನಲ್ಲೇ ರಕ್ತಕ್ಕೆ ಸೇರಿ, ಬಿಪಿ ಏಕಾಏಕಿ ಇಳಿದು ತಲೆಸುತ್ತಿ ಬೀಳಬಹುದು, ಸಂಜೆಯ ಹೊತ್ತಿಗೆ ಔಷಧವೇ ಇಲ್ಲದೆ ಬಿಪಿ ಏರಬಹುದು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್‌ನಲ್ಲಿ ಹೀಗಾದರೆ ಸಾಮಾನ್ಯವಾಗಿ ಹೊಟ್ಟೆ ತೊಳಸು, ಭೇದಿಯಲ್ಲಿ ಮುಗಿಯುತ್ತದೆ. ಕ್ಯಾನ್ಸರ್ ನೋವಿಗೆ ಕೊಡುವ ನಿಧಾನಗತಿಯ ಮಾರ್ಫಿನ್ ಮಾತ್ರೆಯನ್ನು ಪುಡಿ ಮಾಡಿದರೆ ಉಸಿರೇ ನಿಂತೀತು.

ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ಒಂದು ಜೋಡಿ ಮಾತ್ರೆಯನ್ನು ಇಲ್ಲಿ ಹತ್ತಿರದಿಂದ ನೋಡಬೇಕು. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆಗಳಲ್ಲಿ ಅನೇಕವು ಎರಡು ಪದರದವು. ಅಡ್ಡ ಹಿಡಿದು ನೋಡಿದರೆ ಬಣ್ಣ ಬದಲಾಗುವ ಗೆರೆ ಕಾಣುತ್ತದೆ. ಒಂದು ಪದರದಲ್ಲಿರುವ ಗ್ಲಿಮೆಪಿರೈಡ್ ಒಂದೋ ಎರಡೋ ಮಿಲಿಗ್ರಾಂ ಅಷ್ಟೆ, ತಕ್ಷಣ ಕರಗುವಂಥದ್ದು. ಇನ್ನೊಂದು ದಪ್ಪ ಪದರದಲ್ಲಿ 500ರಿಂದ 1000 ಮಿಲಿಗ್ರಾಂ ಮೆಟ್‌ಫಾರ್ಮಿನ್, ನಿಧಾನವಾಗಿ ಬಿಡುವಂಥದ್ದು. ಶುಗರ್ ಇಳಿದು ಕೈ ನಡುಗಿತು, ಬೆವರಿತು ಎಂದಾಗ ‘ನಾಳೆಯಿಂದ ಅರ್ಧ ತಗೊಳ್ಳಿ’ ಎಂಬ ಸಲಹೆ ಮನೆಯವರಿಂದ ಸುಲಭವಾಗಿ ಬರುತ್ತದೆ. ಶುಗರ್ ಇಳಿಸಿದ್ದು ಬಹುಪಾಲು ಆ ತೆಳು ಪದರ. ಮುರಿದಾಗ ಕೆಡುವುದು ದಪ್ಪ ಪದರ. ಪದರಗಳ ಅಂಟು ಬಿಟ್ಟು ಚೂರಾದರೆ ಗ್ಲಿಮೆಪಿರೈಡ್ ಯಾವ ತುಂಡಿಗೆ ಎಷ್ಟು ಹೋಯಿತೆಂದು ಹೇಳುವ ದಾರಿಯೇ ಇಲ್ಲ. ಇಲ್ಲಿ ಬೇಕಾದದ್ದು ಚಾಕುವಲ್ಲ, ಗ್ಲಿಮೆಪಿರೈಡ್ ಕಡಿಮೆ ಇರುವ ಅಥವಾ ಎರಡನ್ನೂ ಬೇರೆ ಬೇರೆ ಮಾಡಿದ ಹೊಸ ಚೀಟಿ.

ನಿಧಾನಗತಿಯ ಮಾತ್ರೆಯನ್ನು ಮುರಿಯಬಾರದು ಎಂಬುದಕ್ಕೆ ಅಪವಾದಗಳಿವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಮೆಟೊಪ್ರೊಲಾಲ್‌ನ ಕೆಲವು ನಿಧಾನಗತಿಯ ಮಾತ್ರೆಗಳ ಮೇಲೆ ಗೀರಿದೆ, ಅವನ್ನು ಅರ್ಧ ಮಾಡಬಹುದು. ಆ ಮಾತ್ರೆ ನೂರಾರು ಸಣ್ಣ ಕಾಳುಗಳನ್ನು ಒತ್ತಿ ಮಾಡಿದ್ದು, ಪ್ರತಿ ಕಾಳಿಗೂ ಅದರದ್ದೇ ಪೊರೆ. ಮಾತ್ರೆ ಮುರಿದರೂ ಕಾಳು ಒಡೆಯುವುದಿಲ್ಲ. ಆದರೆ ಜಗಿದರೆ ಒಡೆಯುತ್ತದೆ. ಆದ್ದರಿಂದ ಅರ್ಧ ಮಾಡಿ, ಜಗಿಯಬೇಡಿ ಎಂಬ ಸೂಚನೆ. ಹೊರಗಿನಿಂದ ನೋಡುವ ರೋಗಿಗೆ ಇದೂ ಎಕ್ಸ್‌ಎಲ್, ಅದೂ ಎಕ್ಸ್‌ಎಲ್. ವ್ಯತ್ಯಾಸ ಗೊತ್ತಿರುವುದು ತಯಾರಕರ ಹಾಳೆಗೆ ಮತ್ತು ಅದನ್ನು ಓದಿದ ಫಾರ್ಮಸಿಸ್ಟರಿಗೆ. ಅದಕ್ಕೇ ಕೌಂಟರಿನಲ್ಲಿ ಕೇಳಿ ಎನ್ನುತ್ತಿರುವುದು.

ಇನ್ನೊಂದು ಬಗೆಯ ಪೊರೆ ಸಮಯಕ್ಕಾಗಿ ಅಲ್ಲ, ಜಾಗಕ್ಕಾಗಿ. ಗ್ಯಾಸ್ಟ್ರಿಕ್ ಎಂದು ನಾವು ನುಂಗುವ ಪ್ಯಾಂಟೊಪ್ರಜೋಲ್ ಹೊಟ್ಟೆಯ ಆಮ್ಲಕ್ಕೆ ಸಿಕ್ಕರೆ ತಾನೇ ನಾಶವಾಗುತ್ತದೆ. ಹಾಗಾಗಿ ಆಮ್ಲದಲ್ಲಿ ಕರಗದ, ಕರುಳಿನಲ್ಲಿ ಮಾತ್ರ ಕರಗುವ ಲೇಪ ಅದಕ್ಕಿದೆ. ಸ್ಟ್ರಿಪ್ಪಿನ ಮೇಲೆ ‘ಗ್ಯಾಸ್ಟ್ರೋ ರೆಸಿಸ್ಟೆಂಟ್’ ಎಂದಿರುವುದು ಇದಕ್ಕೇ. ಅರ್ಧ ಮಾಡಿದ ಪ್ಯಾಂಟೊಪ್ರಜೋಲ್ ಅರ್ಧ ಡೋಸ್ ಅಲ್ಲ, ಬಹುಮಟ್ಟಿಗೆ ವ್ಯರ್ಥವಾದ ಡೋಸ್. ಲೇಪವಿರುವ ಆಸ್ಪಿರಿನ್, ಡೈಕ್ಲೋಫೆನಾಕ್ ವಿಷಯದಲ್ಲಿ ರಕ್ಷಣೆ ಬೇಕಾದದ್ದು ಔಷಧಕ್ಕಲ್ಲ, ಹೊಟ್ಟೆಯ ಗೋಡೆಗೆ. ಮೆಥೊಟ್ರೆಕ್ಸೇಟ್‌ನಂಥ ಕೆಲವನ್ನು ಮುರಿಯಬಾರದೆನ್ನುವುದು ಮುರಿಯುವವರ ಹಿತಕ್ಕೆ: ಅದರ ಪುಡಿ ಕೈಗೆ ಅಂಟಬಾರದು, ಉಸಿರಿಗೆ ಹೋಗಬಾರದು. ಫಿನಾಸ್ಟರೈಡ್ ಮಾತ್ರೆ ಒಡೆದಿದ್ದರೆ ಬಸುರಿಯರು ಅದನ್ನು ಮುಟ್ಟಬಾರದು. ಹೊಟ್ಟೆಯಲ್ಲಿರುವುದು ಗಂಡುಮಗುವಾದರೆ ಅದರ ಬೆಳವಣಿಗೆಗೆ ತೊಂದರೆಯಾಗಬಹುದು. ಮನೆಯಲ್ಲಿ ಅಜ್ಜನ ಪ್ರಾಸ್ಟೇಟ್ ಮಾತ್ರೆಯನ್ನು ಮುರಿದುಕೊಡುವವಳು ಸೊಸೆಯಾಗಿದ್ದರೆ ಈ ಮಾತು ಅವಳ ಕಿವಿಗೆ ಬೀಳಲೇಬೇಕು.

ಹಾಗಾದರೆ ಗೀರು ಇದ್ದರೆ ಸಾಕೇ? ಗೀರು ಒಳ್ಳೆಯ ಗುರುತು, ಆದರೆ ಖಾತ್ರಿಯಲ್ಲ. ಅರ್ಧ ಮಾಡಬಹುದಾದ ಮಾತ್ರೆಗೆ ಯುರೋಪಿನ ಔಷಧಸಂಹಿತೆಯಲ್ಲಿ ಒಂದು ಪರೀಕ್ಷೆಯಿದೆ. 30 ಮಾತ್ರೆಗಳನ್ನು ಕೈಯಿಂದ ಮುರಿದು, ಪ್ರತಿಯೊಂದರ ಒಂದೊಂದು ತುಂಡನ್ನು ತೂಗಬೇಕು. ಸರಾಸರಿಯ ಶೇ. 85ರಿಂದ 115ರ ಆಚೆಗೆ ಒಂದಕ್ಕಿಂತ ಹೆಚ್ಚು ತುಂಡು ಹೋಗಬಾರದು, ಶೇ. 75ರಿಂದ 125ರ ಆಚೆಗೆ ಒಂದೂ ಹೋಗಬಾರದು. ಅಲ್ಲಿನ ಕೆಲವು ಮಾತ್ರೆಗಳ ಮಾಹಿತಿ ಹಾಳೆಯಲ್ಲಿ ಮಾತ್ರ ಬೇರೆಯೇ ವಾಕ್ಯವಿರುತ್ತದೆ: ಗೀರು ಇರುವುದು ನುಂಗಲು ಸುಲಭವಾಗಲೆಂದು ಮುರಿಯುವುದಕ್ಕೆ, ಸಮಭಾಗ ಮಾಡುವುದಕ್ಕಲ್ಲ ಎಂದು. ದೊಡ್ಡ ಮಾತ್ರೆ ಗಂಟಲಲ್ಲಿ ಇಳಿಯದವರು ಅಂಥದ್ದನ್ನು ಎರಡು ತುಂಡು ಮಾಡಿ, ಎರಡನ್ನೂ ಕೂಡಲೇ ನುಂಗಬಹುದು. ಇದು ಅರ್ಧ ಡೋಸ್ ತೆಗೆದುಕೊಳ್ಳುವುದಕ್ಕಿಂತ ಪೂರ್ತಿ ಬೇರೆ ಕೆಲಸ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೂ 2013ರಲ್ಲಿ ತಯಾರಕರಿಗೆ ಮಾರ್ಗಸೂಚಿ ಕೊಟ್ಟಿತು. ಮುರಿದಾಗ ಉದುರಿ ನಷ್ಟವಾಗುವುದು ಶೇ. 3ಕ್ಕಿಂತ ಕಡಿಮೆ ಇರಬೇಕು, ಮುರಿದ ತುಂಡುಗಳು 90 ದಿನ ಕೆಡದೆ ಉಳಿಯುತ್ತವೆಂದು ತೋರಿಸಬೇಕು ಎಂಬುದು ಅದರಲ್ಲಿದೆ.

ಆ 90 ದಿನದ ಪರೀಕ್ಷೆ ನಡೆಯುವುದು 25 ಡಿಗ್ರಿ ತಾಪ, ಶೇ. 60 ಆರ್ದ್ರತೆಯಲ್ಲಿ ಎಂಬುದನ್ನು ಮರೆಯಬಾರದು. ಆಷಾಢದ ಮಳೆಯಲ್ಲಿ ಮಂಗಳೂರಿನದೋ ಆಗುಂಬೆಯದೋ ಗಾಳಿ ಹಾಗಿರುವುದಿಲ್ಲ. ಒರೆಸಿಟ್ಟ ಪಾತ್ರೆಯೂ ಬೆವರುವ ದಿನಗಳಲ್ಲಿ, ಮುರಿದ ಮುಖ ತೆರೆದುಕೊಂಡು ಕಾಗದದ ಪೊಟ್ಟಣದಲ್ಲಿ ಕೂತ ಅರ್ಧ ಮಾತ್ರೆ ಬೇಗ ತೇವ ಹೀರುತ್ತದೆ. ಆಸ್ಪಿರಿನ್ ಹೀಗೆ ಕೆಟ್ಟಾಗ ವಿನೆಗರ್‌ನ ಹುಳಿವಾಸನೆ ಬರುತ್ತದೆ. ಫಿಟ್ಸ್‌ನ ಸೋಡಿಯಂ ವಾಲ್ಪ್ರೊಯೇಟ್ ತೇವ ಹೀರಿ ಅಂಟಂಟಾಗುತ್ತದೆ. ಅದರ ಮಾತ್ರೆಗಳನ್ನು ನುಂಗುವ ತನಕ ಸ್ಟ್ರಿಪ್ಪಿನಿಂದಲೇ ತೆಗೆಯಬಾರದು. ಬೇರೆ ಬಹಳ ಮಾತ್ರೆಗಳು ಯಾವ ವಾಸನೆಯನ್ನೂ ಬಿಡದೆ ಸುಮ್ಮನೆ ಸತ್ವ ಕಳೆದುಕೊಳ್ಳುತ್ತವೆ. ಮಿಕ್ಕ ಅರ್ಧವನ್ನು ಬಿಗಿಮುಚ್ಚಳದ ಒಣ ಡಬ್ಬಿಯಲ್ಲಿ, ಒಲೆ ಮತ್ತು ಬಚ್ಚಲಿನಿಂದ ದೂರ ಇಟ್ಟು, ಮುಂದಿನ ಹೊತ್ತಿಗೇ ನುಂಗಿಬಿಡುವುದು ಕ್ಷೇಮ.

ದುಡ್ಡಿನ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ತಿಂಗಳಿಗೆ ಸಾವಿರಾರು ರೂಪಾಯಿಯ ಔಷಧ ಬರುವ ಮನೆಯಲ್ಲಿ 10 ಮಿಲಿಗ್ರಾಮಿನ ಮಾತ್ರೆಯ ಬೆಲೆ 5ರದ್ದರ ಎರಡರಷ್ಟಿಲ್ಲ ಎಂದು ಗೊತ್ತಾದರೆ, ದೊಡ್ಡದನ್ನು ತಂದು ಅರ್ಧ ಮಾಡುವುದು ಸಹಜ. ಅಮೆರಿಕದಲ್ಲಿ ಮಾಜಿ ಸೈನಿಕರ ಆರೋಗ್ಯ ಇಲಾಖೆಯೇ ಸ್ಟ್ಯಾಟಿನ್ ಮಾತ್ರೆಗಳಲ್ಲಿ ಹೀಗೆ ಮಾಡಿಸಿತು. ರೋಗಿಗಳ ಕೊಲೆಸ್ಟರಾಲ್ ಹತೋಟಿಗೆ ಅದರಿಂದ ಧಕ್ಕೆಯಾಗಲಿಲ್ಲ ಎಂದು ಅಧ್ಯಯನಗಳು ತೋರಿಸಿದವು. ಆದರೆ ಅಲ್ಲಿ ಔಷಧವನ್ನು ಆರಿಸಿಕೊಂಡದ್ದು ಇಲಾಖೆ. ರೋಗಿ ತನಗೆ ತಾನೇ ಆರಿಸಿಕೊಂಡದ್ದಲ್ಲ. ನಮ್ಮಲ್ಲೂ ಸರಳವಾದ, ಗೀರಿರುವ, ತಪ್ಪನ್ನು ತಡೆದುಕೊಳ್ಳುವ ಔಷಧಕ್ಕೆ ಡಾಕ್ಟರರನ್ನು ಕೇಳಿಯೇ ಈ ಉಳಿತಾಯ ಮಾಡಬಹುದು. ಕೇಳುವ ಮೊದಲು ಜನೌಷಧಿ ಕೇಂದ್ರದಲ್ಲಿ ಚಿಕ್ಕ ಅಳತೆಯ ಮಾತ್ರೆಗೆ ಎಷ್ಟು ಬೆಲೆಯೆಂದು ವಿಚಾರಿಸಿದರೆ, ಎಷ್ಟೋ ಸಲ ಅರ್ಧ ಮಾಡುವ ಅಗತ್ಯವೇ ಬೀಳುವುದಿಲ್ಲ. ಮನೆಯಲ್ಲಿ ದೊಡ್ಡ ಅಳತೆಯ ಸ್ಟ್ರಿಪ್ ಇರುವುದರಲ್ಲಿ ಒಂದು ಗಂಡಾಂತರವೂ ಇದೆ. ದಿನಾ ಮುರಿದುಕೊಡುವವರು ಊರಿಗೆ ಹೋದ ದಿನ ಅಜ್ಜಿ ಪೂರ್ತಿ ಮಾತ್ರೆ ನುಂಗಿಬಿಡಬಹುದು.

ಈ ಕೆಲಸ ಯಾರ ಕೈಗೆ ಬೀಳುತ್ತದೆ ಎಂಬುದನ್ನೂ ನೋಡಬೇಕು. ಪಾರ್ಕಿನ್ಸನ್ ಕಾಯಿಲೆಯವರಿಗೆ ಲೆವೊಡೋಪಾ ಅರ್ಧ, ಕಾಲು ಎಂದು ಬರೆಯುವುದು ಸಾಮಾನ್ಯ. ಆ ಕಾಯಿಲೆಯ ಮುಖ್ಯ ಗುರುತುಗಳಲ್ಲೊಂದು ಕೈನಡುಕ. ಕಣ್ಣು ಮಂಜಾದವರು, ಬೆರಳು ಸಂಧಿವಾತದಿಂದ ಸೊಟ್ಟಗಾದವರು, ಇಂದು ಯಾವುದನ್ನು ನುಂಗಿದೆನೆಂದು ಮರೆಯುವವರೇ ಅರ್ಧ ಮಾತ್ರೆಯ ದೊಡ್ಡ ಗಿರಾಕಿಗಳು. ಅವರಿಗೆ ಮೆಡಿಕಲ್ ಶಾಪಿನಲ್ಲಿ ನೂರಿನ್ನೂರು ರೂಪಾಯಿಯ ಟ್ಯಾಬ್ಲೆಟ್ ಕಟರ್ ತೋರಿಸಿ ಕಳಿಸಿದರೆ ಹೊಣೆ ತೀರುವುದಿಲ್ಲ. ಚೀಟಿಯಲ್ಲಿ ½ ಬರೆಯುವ ಮೊದಲು ಆ ಅಳತೆಯ ಮಾತ್ರೆ ಇದೆಯೇ, ಇಲ್ಲದಿದ್ದರೆ ಬರೆದದ್ದು ಮುರಿಯಬಹುದಾದದ್ದೇ, ಮುರಿಯುವವರು ಯಾರು ಎಂದು ವಿಚಾರಿಸುವುದು ಡಾಕ್ಟರರ ಕೆಲಸದೊಳಗೇ ಬರುತ್ತದೆ. ಅಂಗಡಿಯವರ ಪಾಲಿಗೂ ಒಂದಿದೆ. ಹತ್ತರ ಸ್ಟ್ರಿಪ್ಪಿನಿಂದ ನಾಲ್ಕನ್ನು ಕತ್ತರಿಸಿ ಕೊಡುವಾಗ ‘ಪ್ರೊಲಾಂಗ್ಡ್ ರಿಲೀಸ್’ ಎಂಬ ಮಾತು ಅವರ ಬಳಿ ಉಳಿದ ತುಂಡಿನಲ್ಲೇ ಇರಬಹುದು. ಮನೆಗೆ ಬರುವುದು ಅರ್ಧ ಹೆಸರು, ತಾರೀಖಿಲ್ಲದ ಬೆಳ್ಳಿಕಾಗದ. ಹೆಸರಿರುವ ತುಂಡನ್ನೇ ಕೊಡಿ ಎಂದು ಕೇಳಿ. ಕೊಡದಿದ್ದರೆ ಅವರ ಬಳಿ ಉಳಿದ ಸ್ಟ್ರಿಪ್ಪನ್ನು ಫೋನಿನಲ್ಲಿ ಫೋಟೊ ಹೊಡೆದುಕೊಳ್ಳಿ.

ಇಷ್ಟು ದಿನ ಅರ್ಧ ಮಾಡಿ ನುಂಗುತ್ತಿದ್ದ ಮಾತ್ರೆ ನಿಧಾನಗತಿಯದು ಎಂದು ಇದನ್ನು ಓದಿದ ಮೇಲೆ ಗೊತ್ತಾದರೆ, ನಾಳೆಯಿಂದಲೇ ಪೂರ್ತಿ ನುಂಗಲು ಹೋಗಬೇಡಿ, ಒಮ್ಮೆಲೇ ನಿಲ್ಲಿಸಲೂ ಬೇಡಿ. ನಿಮ್ಮ ಬಿಪಿ, ಶುಗರ್ ಈಗ ನಿಂತಿರುವುದು ಆ ಅರ್ಧದ ಲೆಕ್ಕದ ಮೇಲೆ. ಪೂರ್ತಿ ಎಂದರೆ ಡೋಸ್ ಎರಡರಷ್ಟಾಯಿತು. ಸ್ಟ್ರಿಪ್ ಕೈಯಲ್ಲಿ ಹಿಡಿದು, ಬರೆದುಕೊಟ್ಟ ಡಾಕ್ಟರರ ಬಳಿ ಹೋಗಿ, ಇದನ್ನು ಇಷ್ಟು ದಿನ ಮುರಿದು ತೆಗೆದುಕೊಳ್ಳುತ್ತಿದ್ದೆ, ಈ ಅಳತೆಗೆ ಬೇರೆ ಮಾತ್ರೆ ಇದೆಯೇ ಎಂದು ಕೇಳಿ.